ನಡೆಯದೆ ಉಳಿದ ಚರಿತ್ರೆ: ಅಮೆರಿಕದ ಅನಿಮೇಷನ್ ಮತ್ತು ಥೀಮ್ ಪಾರ್ಕುಗಳ ಪರ್ಯಾಯ ಕಥನವನ್ನು ಕುರಿತು

1

ನಡೆದುಹೋದ ಸಂಗತಿಗಳನ್ನು ನಿರೂಪಿಸುವುದು ಚರಿತ್ರೆಯ ಕೆಲಸವೆಂಬುದು ಸರ್ವಸಮ್ಮತವಾದ ಮಾತು. ನಡೆಯಬಹುದಾಗಿದ್ದೂ ನಡೆಯದೆ ಉಳಿದ ಸಂಗತಿಗಳಿಗೆ ಚರಿತ್ರೆಯಲ್ಲಿ ಸ್ಥಾನವುಂಟೆ ಎಂಬ ಪ್ರಶ್ನೆ ಮಾತ್ರ ಇಂದಿಗೂ ವಿವಾದಾಸ್ಪದವಾಗಿಯೇ ಇದೆ. ಪ್ರಶ್ನೆ ಹೊಸದೇನಲ್ಲ. ಅಲೆಕ್ಸಾಂಡರನು ಪಶ್ಚಿಮಕ್ಕೆ ತಿರುಗಿ ರೋಮಿನ ಮೇಲೆ ದಂಡೆತ್ತಿ ಬಂದಿದ್ದರೆ ಏನಾಗುತ್ತಿತ್ತು ಎಂದು ರೋಮಿನ ಚರಿತ್ರಕಾರ ಲಿವಿ ತನ್ನ ಒಂಬತ್ತನೆಯ ಪುಸ್ತಕದಲ್ಲಿ ಕಥನವನ್ನು ನಿಲ್ಲಿಸಿ ಚರ್ಚಿಸಿದ್ದಾನೆ. ಇಪ್ಪತ್ತನೆಯ ಶತಮಾನದಲ್ಲಿ ಇ. ಎಚ್. ಕಾರ್ ಇಂಥ ಊಹೆಗಳನ್ನು ಹೊತ್ತು ಕಳೆಯುವ ಆಟವೆಂದು ತಳ್ಳಿಹಾಕಿದರೆ, ಅವನಿಗಿಂತ ಮೊದಲೇ ಮ್ಯಾಕ್ಸ್ ವೆಬರ್ ಮ್ಯಾರಥಾನ್ ಯುದ್ಧದ ನಿದರ್ಶನವನ್ನು ಮುಂದಿಟ್ಟು, ಒಂದು ಘಟನೆಯನ್ನು ಕಾರಣವೆಂದು ಕರೆಯಬೇಕಾದರೆ ಅದು ನಡೆಯದಿದ್ದ ಪಕ್ಷದಲ್ಲಿ ಏನಾಗುತ್ತಿತ್ತೆಂಬುದನ್ನು ಮನಸ್ಸಿನಲ್ಲಾದರೂ ಪರೀಕ್ಷಿಸಲೇಬೇಕು ಎಂದು ವಾದಿಸಿದ್ದನು. 1964ರಲ್ಲಿ ರಾಬರ್ಟ್ ಫೋಗೆಲ್ ರೈಲುಮಾರ್ಗಗಳೇ ಇಲ್ಲದ ಅಮೆರಿಕವನ್ನು ಲೆಕ್ಕಾಚಾರದ ಮೂಲಕ ಕಟ್ಟಿ, ಆ ದೇಶದ ಆರ್ಥಿಕ ಬೆಳವಣಿಗೆಗೆ ರೈಲು ಅನಿವಾರ್ಯವಾಗಿತ್ತೆಂಬ ನಂಬಿಕೆಯನ್ನು ಅಲುಗಿಸಿದನು. 1993ರಲ್ಲಿ ಅವನಿಗೆ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿಯೂ ಸಂದಿತು. ಆಟವೆಂದು ಕರೆಸಿಕೊಂಡದ್ದು ಹೀಗೆ ಒಂದು ವಿಧಾನವಾಗಿಯೂ ಬೆಳೆಯಿತು.

ಪರ್ಯಾಯ ಚರಿತ್ರೆಯನ್ನು ಪಾಠಾಂತರದಿಂದ ಬೇರ್ಪಡಿಸಿ ನೋಡಬೇಕು. ನಾಗಚಂದ್ರನ ರಾಮಕಥೆಯಲ್ಲಿ ಲಕ್ಷ್ಮಣನು ರಾವಣನನ್ನು ಕೊಲ್ಲುತ್ತಾನೆ; ಅದು ಜೈನ ಪರಂಪರೆ ಸತ್ಯವೆಂದು ಒಪ್ಪಿದ ಕಥನ. ಪರ್ಯಾಯ ಚರಿತ್ರೆಯಲ್ಲಿ ಹಾಗಲ್ಲ. ಇಲ್ಲಿ ಬರೆಯುವವನಿಗೂ ಓದುವವನಿಗೂ ನಿಜವಾಗಿ ನಡೆದದ್ದೇನೆಂಬುದು ತಿಳಿದಿರುತ್ತದೆ. ಅರ್ಥ ಹುಟ್ಟುವುದು ಎರಡರ ನಡುವಿನ ಅಂತರದಲ್ಲಿ.

ಕನ್ನಡದಲ್ಲಿ ಈ ಪ್ರಕಾರವನ್ನು ಬರೆಯಲು ಹೊರಟವರಿಗೆ ಭಾಷೆಯೇ ಒಂದು ತೊಡಕನ್ನು ಒಡ್ಡುತ್ತದೆ. 'ಬಂದಾನು' ಎಂಬ ಸಂಭಾವನಾರ್ಥಕ ರೂಪ ಇನ್ನೂ ತೆರೆದಿರುವ ಸಾಧ್ಯತೆಯನ್ನು ಹೇಳುತ್ತದೆಯೇ ಹೊರತು ಮುಚ್ಚಿಹೋದದ್ದನ್ನಲ್ಲ. ಮುಚ್ಚಿಹೋದ ಸಾಧ್ಯತೆಗೆ ನಾವು 'ಬಂದಿದ್ದರೆ ಬರೆಯುತ್ತಿದ್ದನು' ಎನ್ನುತ್ತೇವೆ. ಆದರೆ 'ಬರೆಯುತ್ತಿದ್ದನು' ಎಂಬುದೇ ರೂಢಿಯಾಗಿ ನಡೆದ ಕ್ರಿಯೆಯನ್ನೂ ಸೂಚಿಸುತ್ತದೆ. ಪಕ್ಷಾರ್ಥಕ ಪದ ಕಣ್ಣಿನಿಂದ ಮರೆಯಾದೊಡನೆ ಊಹೆಯ ವಾಕ್ಯ ವಾಸ್ತವದ ವಾಕ್ಯವಾಗಿಬಿಡುತ್ತದೆ. ಆದ್ದರಿಂದ ಈ ಲೇಖನದಲ್ಲಿ ಊಹೆಯನ್ನು ಹೇಳುವಲ್ಲೆಲ್ಲ ಪಕ್ಷವನ್ನು ಮತ್ತೆ ಮತ್ತೆ ಹೇಳಬೇಕಾಗಿದೆ. ಓದುಗರು ಈ ಪುನರುಕ್ತಿಯನ್ನು ಸಹಿಸಿಕೊಳ್ಳಬೇಕು.

ಸಾಮಾನ್ಯವಾಗಿ ಪರ್ಯಾಯ ಚರಿತ್ರೆಯ ವಸ್ತು ಯುದ್ಧ ಮತ್ತು ರಾಜಕಾರಣ. ಫಿಲಿಪ್ ಕೆ. ಡಿಕ್ 1962ರ ತನ್ನ ಕಾದಂಬರಿಯಲ್ಲಿ ಎರಡನೆಯ ಮಹಾಯುದ್ಧವನ್ನು ಸೋತ ಅಮೆರಿಕವನ್ನು ಚಿತ್ರಿಸಿದನು. ಈಚಿನ ದಶಕಗಳಲ್ಲಿ ಅಮೆರಿಕದ ಮನರಂಜನಾ ಉದ್ಯಮವೂ ಇಂಥ ಊಹೆಗಳಿಗೆ ವಸ್ತುವಾಗಿದೆ. ವಾಲ್ಟ್ ಡಿಸ್ನಿ ಇನ್ನೂ ಹತ್ತು ವರ್ಷ ಬದುಕಿದ್ದರೆ? ಜಿಮ್ ಹೆನ್ಸನ್ 1990ರಲ್ಲಿ ಸಾಯದಿದ್ದರೆ? ಈ ಪ್ರಶ್ನೆಗಳು ಬಹುಮಟ್ಟಿಗೆ ವ್ಯಕ್ತಿಗಳ ಸಾವುಬದುಕಿನ ಸುತ್ತಲೇ ತಿರುಗುತ್ತವೆ. ಕವಲು ಒಡೆಯುವುದು ನಿಜವಾಗಿಯೂ ಅಲ್ಲಿಯೇ ಅಥವಾ ಕರಾರುಪತ್ರ, ನ್ಯಾಯಾಲಯದ ತೀರ್ಪು, ಭೂಮಿಯ ಒಡೆತನ ಮೊದಲಾದ ಕಣ್ಣಿಗೆ ಬೀಳದ ಜಾಗಗಳಲ್ಲೇ ಎಂಬುದು ಇಲ್ಲಿನ ಜಿಜ್ಞಾಸೆ. ವ್ಯಕ್ತಿಯ ಹೆಸರಿನಿಂದ ಯುಗಗಳನ್ನು ವಿಂಗಡಿಸುವುದು ನಮಗೂ ಅಪರಿಚಿತವಲ್ಲ. ರಂ. ಶ್ರೀ. ಮುಗಳಿಯವರು ಪಂಪಯುಗ, ಬಸವಯುಗ, ಕುಮಾರವ್ಯಾಸಯುಗ ಎಂದು ಕನ್ನಡ ಸಾಹಿತ್ಯವನ್ನು ವಿಭಾಗಿಸಿದ ಕ್ರಮದ ಮೇಲೆ ನಮ್ಮಲ್ಲಿ ಸಾಕಷ್ಟು ಚರ್ಚೆ ನಡೆದಿದೆ. ದೂರದ ಉದ್ಯಮವೊಂದರ ಚರಿತ್ರೆಯನ್ನು ಕನ್ನಡದ ಅಧ್ಯಾಪಕರು ಗಮನಿಸುವುದಕ್ಕೆ ಅಷ್ಟು ನೆಪ ಸಾಕು.

2

1927ರಲ್ಲಿ ವಾಲ್ಟ್ ಡಿಸ್ನಿ ಮತ್ತು ಅಬ್ ಐವರ್ಕ್ಸ್ ಸೇರಿ ಆಸ್ವಾಲ್ಡ್ ಎಂಬ ಮೊಲವನ್ನು ಸೃಷ್ಟಿಸಿದರು. ಚಿತ್ರಗಳನ್ನು ಬರೆಯಿಸಿದವನು ಚಾರ್ಲ್ಸ್ ಮಿಂಟ್ಜ್. ವಿತರಿಸಿದ್ದು ಯೂನಿವರ್ಸಲ್ ಸಂಸ್ಥೆ. 1928ರ ಆರಂಭದಲ್ಲಿ ಪ್ರತಿಚಿತ್ರದ ದರವನ್ನು ಹೆಚ್ಚಿಸುವಂತೆ ಕೇಳಲು ವಾಲ್ಟ್ ನ್ಯೂಯಾರ್ಕಿಗೆ ಹೋದಾಗ, ಮಿಂಟ್ಜ್ ದರವನ್ನು ಇಳಿಸುವ ಮಾತನಾಡಿದ್ದಲ್ಲದೆ ವಾಲ್ಟನ ಬಹುಪಾಲು ಚಿತ್ರಕಾರರನ್ನು ಆಗಲೇ ತನ್ನ ಕಡೆಗೆ ಒಲಿಸಿಕೊಂಡಿದ್ದನು. ಮೊಲದ ಹಕ್ಕು ಯೂನಿವರ್ಸಲ್ ಸಂಸ್ಥೆಯದು. ವಾಲ್ಟ್ ಬರಿಗೈಯಲ್ಲಿ ಹಿಂತಿರುಗಿದನು. ಅದೇ ವರ್ಷದ ನವೆಂಬರ್ 18ರಂದು ಮಿಕ್ಕಿ ಮೌಸ್‌ನ 'ಸ್ಟೀಮ್‌ಬೋಟ್ ವಿಲ್ಲಿ' ನ್ಯೂಯಾರ್ಕಿನ ಕಾಲನಿ ಚಿತ್ರಮಂದಿರದಲ್ಲಿ ತೆರೆಕಂಡಿತು.

ಪ್ರಚಲಿತ ಕಥನ ಇದನ್ನು ಸೋಲಿನಿಂದ ಎದ್ದುಬಂದ ಪ್ರತಿಭೆಯ ಕಥೆಯಾಗಿ ಹೇಳುತ್ತದೆ. ಮಿಂಟ್ಜ್ ದರ ಹೆಚ್ಚಿಸಲು ಒಪ್ಪಿದ್ದರೆ ಏನಾಗುತ್ತಿತ್ತೆಂದು ಕೇಳಿಕೊಂಡರೆ ಚಿತ್ರ ಬದಲಾಗುತ್ತದೆ. ಮೊದಲನೆಯದಾಗಿ, ಧ್ವನಿಯುಳ್ಳ ಕಾರ್ಟೂನ್ ಹೇಗಿದ್ದರೂ ಬರುತ್ತಿತ್ತು. ಫ್ಲೈಷರ್ ಸಹೋದರರು 1920ರ ದಶಕದ ನಡುವೆಯೇ ಡಿ ಫಾರೆಸ್ಟ್‌ನ ಫೋನೋಫಿಲ್ಮ್ ತಂತ್ರವನ್ನು ಬಳಸಿ ಹಾಡಿನ ಕಾರ್ಟೂನುಗಳನ್ನು ಮಾಡಿದ್ದರು. ಪಾಲ್ ಟೆರ್ರಿಯ 'ಡಿನ್ನರ್ ಟೈಮ್' 'ಸ್ಟೀಮ್‌ಬೋಟ್ ವಿಲ್ಲಿ'ಗಿಂತ ಸ್ವಲ್ಪ ಮೊದಲೇ ಸಿದ್ಧವಾಗಿತ್ತು. ತಂತ್ರಜ್ಞಾನದ ದೃಷ್ಟಿಯಿಂದ 1928 ಅಂಥ ದೊಡ್ಡ ಕವಲೇನಲ್ಲ. ಎರಡನೆಯದಾಗಿ, ಮಿಂಟ್ಜ್ ಒಪ್ಪಿದ್ದರೆ ವಾಲ್ಟ್ ಡಿಸ್ನಿ ಮತ್ತೊಬ್ಬರ ಆಸ್ತಿಗೆ ಚಿತ್ರ ಬರೆದುಕೊಡುವ ಗುತ್ತಿಗೆದಾರನಾಗಿಯೇ ಇನ್ನೂ ಕೆಲಕಾಲ ಉಳಿಯುತ್ತಿದ್ದನು. ಪಾತ್ರದ ಒಡೆತನ ಅವನ ಕೈಯಲ್ಲಿರದಿದ್ದರೆ 1932ರಲ್ಲಿ ಕೇ ಕಾಮೆನ್ ವಹಿಸಿಕೊಂಡ ಸರಕುವ್ಯಾಪಾರಕ್ಕಾಗಲಿ, 1933ರಲ್ಲಿ ಇಂಗರ್‌ಸಾಲ್ ಕಂಪನಿ ಹೊರತಂದ ಮಿಕ್ಕಿ ಗಡಿಯಾರಕ್ಕಾಗಲಿ ಆಸ್ಪದವಿರುತ್ತಿರಲಿಲ್ಲ. ಚಿತ್ರವನ್ನು ಮಾರುವುದಕ್ಕಿಂತ ಪಾತ್ರವನ್ನು ಬಾಡಿಗೆಗೆ ಕೊಡುವುದು ಲಾಭದಾಯಕವೆಂಬ ತಿಳಿವಳಿಕೆ ಅಲ್ಲಿ ಮೊಳೆಯಿತು. ಮುಂದೆ ಪಾರ್ಕು ನಿಂತದ್ದು ಇದೇ ತಿಳಿವಳಿಕೆಯ ಮೇಲೆ.

ಕರಾರಿನ ನ್ಯಾಯ ಯಾರನ್ನೂ ಬಿಡಲಿಲ್ಲ ಎಂಬುದಕ್ಕೆ ಮಿಂಟ್ಜ್‌ನೇ ಸಾಕ್ಷಿ. ಯೂನಿವರ್ಸಲ್ 1929ರಲ್ಲಿ ಅವನಿಂದಲೂ ಮೊಲವನ್ನು ಕಿತ್ತುಕೊಂಡು ವಾಲ್ಟರ್ ಲ್ಯಾಂಟ್ಜ್‌ಗೆ ವಹಿಸಿತು. 2006ರಲ್ಲಿ ಆಸ್ವಾಲ್ಡ್ ಡಿಸ್ನಿ ಸಂಸ್ಥೆಗೆ ಮರಳಿದ್ದು ಅಲ್ ಮೈಕೆಲ್ಸ್ ಎಂಬ ಕ್ರೀಡಾ ವೀಕ್ಷಕ ವಿವರಣೆಗಾರನನ್ನು ಎನ್‌ಬಿಸಿಗೆ ಬಿಟ್ಟುಕೊಟ್ಟ ವಿನಿಮಯದ ಭಾಗವಾಗಿ. ಜೀವಂತ ಮನುಷ್ಯನಿಗೆ ಬದಲಾಗಿ ಚಿತ್ರದ ಮೊಲ! ಯಾವ ಪರ್ಯಾಯ ಚರಿತ್ರಕಾರನೂ ಇದನ್ನು ಕಲ್ಪಿಸುವ ಧೈರ್ಯ ಮಾಡುತ್ತಿರಲಿಲ್ಲ. 1927ರ ಆಸ್ವಾಲ್ಡ್ ಚಿತ್ರಗಳು 2023ರ ಜನವರಿ 1ರಂದು, 'ಸ್ಟೀಮ್‌ಬೋಟ್ ವಿಲ್ಲಿ' 2024ರ ಜನವರಿ 1ರಂದು ಅಮೆರಿಕದಲ್ಲಿ ಹಕ್ಕುಸ್ವಾಮ್ಯದಿಂದ ಬಿಡುಗಡೆಗೊಂಡು ಸಾರ್ವಜನಿಕ ಸ್ವತ್ತಾಗಿವೆ.

3

ಫ್ಲೈಷರ್ ಸಹೋದರರ ಕಥೆಯನ್ನು ಇಲ್ಲಿ ಸಂಕ್ಷೇಪವಾಗಿ ನೋಡಿದರೆ ಸಾಕು. ಬೆಟ್ಟಿ ಬೂಪ್ ಮತ್ತು ಪಾಪಾಯ್ ಚಿತ್ರಗಳ ಮೂಲಕ 1930ರ ದಶಕದಲ್ಲಿ ಅವರು ಡಿಸ್ನಿಗೆ ಸಮಬಲದ ಪ್ರತಿಸ್ಪರ್ಧಿಗಳಾಗಿದ್ದರು. 1937ರಲ್ಲಿ ಅವರ ನ್ಯೂಯಾರ್ಕ್ ಸ್ಟುಡಿಯೊದಲ್ಲಿ ಮುಷ್ಕರವಾಯಿತು. 1938ರಲ್ಲಿ ಸ್ಟುಡಿಯೊ ಮಯಾಮಿಗೆ ಸ್ಥಳಾಂತರಗೊಂಡಿತು. 1939ರಲ್ಲಿ 'ಗಲಿವರ್ಸ್ ಟ್ರಾವೆಲ್ಸ್' ಬಂದಿತು. ಎರಡನೆಯ ದೀರ್ಘಚಿತ್ರ 'ಮಿಸ್ಟರ್ ಬಗ್ ಗೋಸ್ ಟು ಟೌನ್' ಸಿದ್ಧವಾದದ್ದು 1941ರ ಡಿಸೆಂಬರಿನಲ್ಲಿ, ಪರ್ಲ್ ಹಾರ್ಬರ್ ದಾಳಿಯ ದಿನಗಳಲ್ಲಿ. ಅಷ್ಟರಲ್ಲಾಗಲೇ ಸಾಲ ಕೊಟ್ಟ ಪ್ಯಾರಮೌಂಟ್ ಸ್ಟುಡಿಯೊವನ್ನು ವಶಪಡಿಸಿಕೊಂಡಿತ್ತು. ಪರ್ಲ್ ಹಾರ್ಬರ್ ದಾಳಿ ನಡೆಯದಿದ್ದರೂ ಈ ಸ್ಟುಡಿಯೊ ಉಳಿಯುತ್ತಿತ್ತೆಂದು ಹೇಳುವಂತಿಲ್ಲ. ಯುದ್ಧವನ್ನು ಕಾರಣವೆಂದು ಹೇಳುವ ಕಥನಗಳು ಸಾಲಪತ್ರವನ್ನು ಮರೆಯುತ್ತವೆ.

1941ರ ಮೇ ತಿಂಗಳಿನಲ್ಲಿ ಡಿಸ್ನಿ ಸ್ಟುಡಿಯೊದಲ್ಲಿಯೇ ಆರಂಭವಾದ ಮುಷ್ಕರದ ಫಲ ಇದಕ್ಕಿಂತ ಭಿನ್ನವಾದದ್ದು. ಅಲ್ಲಿಂದ ಹೊರಬಂದ ಕಲಾವಿದರು ಮುಂದೆ ಯುಪಿಎ ಎಂಬ ಸಂಸ್ಥೆಯನ್ನು ಕಟ್ಟಿ, ಚಪ್ಪಟೆ ಬಣ್ಣ ಮತ್ತು ಮಿತರೇಖೆಗಳ ಹೊಸ ಶೈಲಿಯನ್ನು ರೂಪಿಸಿದರು. 1950ರ 'ಜೆರಾಲ್ಡ್ ಮ್ಯಾಕ್‌ಬೋಯಿಂಗ್ ಬೋಯಿಂಗ್' ಆಸ್ಕರ್ ಪಡೆಯಿತು. ಆಡಳಿತವರ್ಗ ಕಾರ್ಮಿಕ ಸಂಘವನ್ನು ಶಾಂತವಾಗಿ ಒಪ್ಪಿಕೊಂಡಿದ್ದರೆ ಈ ಶೈಲಿ ಇಷ್ಟು ಬೇಗ ಸ್ವತಂತ್ರವಾಗಿ ನಿಲ್ಲುತ್ತಿತ್ತೆ? ಸಂದೇಹವೇ. ಕಲಾಚರಿತ್ರೆಯ ಒಂದು ಶೈಲಿಭೇದದ ಬೇರು ಕೂಲಿಯ ತಕರಾರಿನಲ್ಲಿರುವುದನ್ನು ನಮ್ಮ ಶೈಲಿಶಾಸ್ತ್ರದ ವಿದ್ಯಾರ್ಥಿಗಳು ಗಮನಿಸಬೇಕು.

4

ಡಿಸ್ನಿಲ್ಯಾಂಡಿನ ಉಗಮಕಥೆಯಲ್ಲಿ ಒಬ್ಬ ಕನಸುಗಾರ, ಅವನನ್ನು ನಂಬದ ಬ್ಯಾಂಕುಗಳು, ಜೀವವಿಮೆಯ ಮೇಲೆ ತಂದ ಸಾಲ, ಕಡೆಗೆ 1955ರ ಜುಲೈ 17ರಂದು ಅನಹೈಮಿನ 160 ಎಕರೆ ಕಿತ್ತಳೆತೋಟದ ನೆಲದಲ್ಲಿ ತೆರೆದ ಬಾಗಿಲು ಎಲ್ಲವೂ ಇವೆ. ಖಾಸಗಿ ಸಾಹಸದ ಗೆಲುವಿಗೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಸಿಗದೆಂಬಂತೆ ಅಮೆರಿಕದಲ್ಲಿ ಈ ಕಥೆ ಬಳಕೆಯಾಗಿದೆ. ಉದ್ಘಾಟನೆಯ ದೂರದರ್ಶನ ಪ್ರಸಾರವನ್ನು ನಡೆಸಿಕೊಟ್ಟವರಲ್ಲಿ ಮುಂದೆ ರಾಷ್ಟ್ರಾಧ್ಯಕ್ಷನಾದ ರೊನಾಲ್ಡ್ ರೇಗನ್ ಒಬ್ಬನೆಂಬುದು ಈ ಬಳಕೆಗೆ ತಕ್ಕ ಅಲಂಕಾರವೇ ಆಗಿದೆ.

ಮೊದಲ ಯೋಜನೆ ಅನಹೈಮಿನದಾಗಿರಲಿಲ್ಲ. ಬರ್ಬ್ಯಾಂಕಿನಲ್ಲಿ ಸ್ಟುಡಿಯೊದ ಎದುರಿನ ಸಣ್ಣ ಜಾಗದಲ್ಲಿ ಪಾರ್ಕು ಕಟ್ಟುವ ಆಲೋಚನೆಗೆ 1952ರಲ್ಲಿ ಅಲ್ಲಿನ ನಗರಸಭೆ ಒಪ್ಪಲಿಲ್ಲ. ಜಾತ್ರೆಯ ಗದ್ದಲ ತಮ್ಮ ಊರಿಗೆ ಬೇಡವೆಂಬುದು ಅವರ ನಿಲುವು. ನಗರಸಭೆ ಒಪ್ಪಿದ್ದರೆ ಇಂದಿನ ಅರ್ಥದ ಥೀಮ್ ಪಾರ್ಕಿಗೆ ಬದಲಾಗಿ ಸ್ಟುಡಿಯೊಗೆ ಅಂಟಿಕೊಂಡ ಒಂದು ಮಕ್ಕಳ ಉದ್ಯಾನ ನಿಲ್ಲುತ್ತಿತ್ತು. ನಿರಾಕರಣೆಯೇ ಯೋಜನೆಯನ್ನು ಹಿಗ್ಗಿಸಿತು. ಹಿಗ್ಗಿದ ಯೋಜನೆಗೆ ಹೆಚ್ಚು ಹಣ ಬೇಕಾಯಿತು. ಒಟ್ಟು ವೆಚ್ಚ ಸುಮಾರು 1 ಕೋಟಿ 70 ಲಕ್ಷ ಡಾಲರು.

ಆ ಹಣ ಎಲ್ಲಿಂದ ಬಂತೆಂಬುದೇ ಮುಖ್ಯವಾದ ಪ್ರಶ್ನೆ. ಎನ್‌ಬಿಸಿ, ಸಿಬಿಎಸ್ ಜಾಲಗಳು ಕೈಜೋಡಿಸಲಿಲ್ಲ. ಮೂರನೆಯ ಸ್ಥಾನದಲ್ಲಿ ಏದುಸಿರು ಬಿಡುತ್ತಿದ್ದ ಎಬಿಸಿ 1954ರಲ್ಲಿ 5 ಲಕ್ಷ ಡಾಲರು ಹೂಡಿ, 45 ಲಕ್ಷ ಡಾಲರುಗಳ ಸಾಲಕ್ಕೆ ಜಾಮೀನು ನಿಂತು, ಪಾರ್ಕಿನಲ್ಲಿ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಪಾಲು ಪಡೆಯಿತು. ಪ್ರತಿಯಾಗಿ ಪ್ರತಿವಾರದ ದೂರದರ್ಶನ ಕಾರ್ಯಕ್ರಮವೊಂದನ್ನು ಮಾಡಿಕೊಡುವುದಾಗಿ ಡಿಸ್ನಿ ಒಪ್ಪಬೇಕಾಯಿತು. 1954ರ ಅಕ್ಟೋಬರಿನಲ್ಲಿ ಆರಂಭವಾದ ಆ ಕಾರ್ಯಕ್ರಮದ ಹೆಸರೂ 'ಡಿಸ್ನಿಲ್ಯಾಂಡ್'. ಪಾರ್ಕು ಕಟ್ಟುವ ಮೊದಲೇ ಅದರ ಹೆಸರು ಮನೆಮನೆಯಲ್ಲಿ ನೆಲೆಯೂರಿತ್ತು.

ಈ ಎಬಿಸಿ ಎಂಬುದಾದರೂ ಏನು? ಎನ್‌ಬಿಸಿಯ ಒಡೆತನದಲ್ಲಿ ಎರಡು ರೇಡಿಯೊ ಜಾಲಗಳಿದ್ದವು. ಏಕಸ್ವಾಮ್ಯವನ್ನು ತಡೆಯಲು ಅಮೆರಿಕದ ಸಂಪರ್ಕ ಆಯೋಗ 1941ರಲ್ಲಿ ನಿಯಮ ಮಾಡಿತು. ಸರ್ವೋಚ್ಚ ನ್ಯಾಯಾಲಯ 1943ರಲ್ಲಿ ಅದನ್ನು ಎತ್ತಿಹಿಡಿಯಿತು. ಎನ್‌ಬಿಸಿ ಮಾರಲೇಬೇಕಾಗಿ ಬಂದ ಆ ಎರಡನೆಯ ಜಾಲವೇ ಎಬಿಸಿಯಾಯಿತು. ಇನ್ನು ಅದಕ್ಕೆ ಬಂಡವಾಳ ತಂದ ಲಿಯೊನಾರ್ಡ್ ಗೋಲ್ಡನ್‌ಸನ್ ಯಾರು? 1948ರಲ್ಲಿ ಪ್ಯಾರಮೌಂಟ್ ಮೊಕದ್ದಮೆಯ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯ ದೊಡ್ಡ ಸ್ಟುಡಿಯೊಗಳ ಏಕಸ್ವಾಮ್ಯದ ವಿರುದ್ಧ ನಿಂತುದರ ಫಲವಾಗಿ ಅವು ತಮ್ಮ ಚಿತ್ರಮಂದಿರಗಳನ್ನು ಬಿಟ್ಟುಕೊಡಬೇಕಾಯಿತು. ಪ್ಯಾರಮೌಂಟಿನಿಂದ ಕಡಿದು ಬೇರ್ಪಡಿಸಿದ ಚಿತ್ರಮಂದಿರಗಳ ಕಂಪನಿಯ ಮುಖ್ಯಸ್ಥ ಈ ಗೋಲ್ಡನ್‌ಸನ್. ಅವನ ಕಂಪನಿ 1953ರಲ್ಲಿ ಎಬಿಸಿಯೊಡನೆ ವಿಲೀನಗೊಂಡಿತು. ಮರುವರ್ಷ ಡಿಸ್ನಿಗೆ ಹಣ ಕೊಟ್ಟಿತು.

ಕನಸುಗಾರನೊಬ್ಬನ ಏಕಾಂಗಿ ಸಾಹಸವೆಂದು ಹೇಳಲಾಗುವ ಪಾರ್ಕಿನ ಅಡಿಪಾಯದಲ್ಲಿ ಹೀಗೆ ಎರಡು ಏಕಸ್ವಾಮ್ಯವಿರೋಧಿ ತೀರ್ಪುಗಳಿವೆ. ಪ್ರಭುತ್ವ ಮಾರುಕಟ್ಟೆಯಲ್ಲಿ ಮಧ್ಯಪ್ರವೇಶಿಸದಿದ್ದರೆ ಎಬಿಸಿ ಇರುತ್ತಿರಲಿಲ್ಲ. ಎಬಿಸಿ ಇಲ್ಲದಿದ್ದರೆ ಪಾರ್ಕಿನ ಹಣಕ್ಕೂ ಪ್ರಚಾರಕ್ಕೂ ಬೇರೆ ದಾರಿ ಹುಡುಕಬೇಕಾಗುತ್ತಿತ್ತು. ಆ ದಾರಿ ಸಿಗುತ್ತಲೇ ಇರಲಿಲ್ಲವೆಂದು ನಾನು ಹೇಳಲಾರೆ. ಸಿಕ್ಕಿದ್ದರೂ ದೂರದರ್ಶನ ಮತ್ತು ಪಾರ್ಕು ಒಂದನ್ನೊಂದು ಜಾಹೀರುಪಡಿಸುವ ಈ ವಿಶಿಷ್ಟ ಬೆಸುಗೆ ಅದೇ ರೂಪದಲ್ಲಿ ಆಗುತ್ತಿತ್ತೆಂದು ನಂಬುವುದು ಕಷ್ಟ. ಅದೇ 1948ರ ತೀರ್ಪು, ದೀರ್ಘಚಿತ್ರದ ಜೊತೆಗೆ ಕಿರುಚಿತ್ರಗಳನ್ನೂ ಚಿತ್ರಮಂದಿರಗಳ ತಲೆಗೆ ಕಟ್ಟುವ ಪದ್ಧತಿಯನ್ನು ಸಡಿಲಿಸಿ, ಚಿತ್ರಮಂದಿರದ ಕಾರ್ಟೂನನ್ನು ಬಡವಾಗಿಸಿತು. 1957ರಲ್ಲಿ ಎಂಜಿಎಂ ತನ್ನ ಕಾರ್ಟೂನ್ ವಿಭಾಗವನ್ನು ಮುಚ್ಚಿದಾಗ ಹೊರಬಿದ್ದ ಹ್ಯಾನ್ನಾ ಮತ್ತು ಬಾರ್ಬೆರಾ ಅಗ್ಗದ ದೂರದರ್ಶನ ಅನಿಮೇಷನ್ನಿಗೆ ತಿರುಗಿದರು. ಒಂದೇ ತೀರ್ಪು ಪಾರ್ಕಿಗೆ ನೀರೆರೆದು ಕಿರುಚಿತ್ರದ ಬೇರನ್ನು ಒಣಗಿಸಿತು. 2020ರಲ್ಲಿ ಆ ತೀರ್ಪಿನಿಂದ ಬಂದ ನಿರ್ಬಂಧಗಳು ರದ್ದಾದವು. ಎಬಿಸಿಯ ಪಾಲನ್ನು 1960ರಲ್ಲಿ ಕೊಂಡುಕೊಂಡ ಡಿಸ್ನಿ ಸಂಸ್ಥೆ 1996ರಲ್ಲಿ ಎಬಿಸಿಯನ್ನೇ ಕೊಂಡಿತು ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು.

5

ವ್ಯಕ್ತಿಯ ಸಾವನ್ನು ಕವಲಾಗಿ ಇಟ್ಟುಕೊಂಡ ಊಹೆಗಳಲ್ಲಿ ಎಪ್‌ಕಾಟ್ ಅತ್ಯಂತ ಪ್ರಸಿದ್ಧವಾದದ್ದು. 1966ರ ಅಕ್ಟೋಬರಿನಲ್ಲಿ ಚಿತ್ರೀಕರಿಸಿದ ಕಿರುಚಿತ್ರವೊಂದರಲ್ಲಿ ವಾಲ್ಟ್ ಡಿಸ್ನಿ ಫ್ಲಾರಿಡದಲ್ಲಿ ತಾನು ಕಟ್ಟಲಿರುವ ನಗರವನ್ನು ವಿವರಿಸಿದನು: ಸುಮಾರು 20,000 ಜನ, ಮಳೆಬಿಸಿಲು ತಾಗದಂತೆ ಮುಚ್ಚಿದ ನಡುಪೇಟೆ, ವಾಹನಗಳು ನೆಲದಡಿಯಲ್ಲಿ, ಜನರು ಮಾನೊರೈಲಿನಲ್ಲಿ. ಡಿಸೆಂಬರ್ 15ರಂದು ಅವನು ತೀರಿಕೊಂಡನು. 1982ರ ಅಕ್ಟೋಬರ್ 1ರಂದು ತೆರೆದ ಎಪ್‌ಕಾಟ್ ಒಂದು ಪಾರ್ಕೇ ಹೊರತು ಯಾರೂ ಮನೆ ಮಾಡಿಕೊಂಡಿರುವ ನಗರವಲ್ಲ. ಅವನು ಬದುಕಿದ್ದರೆ ನಗರ ಎದ್ದೇ ಏಳುತ್ತಿತ್ತು ಎಂಬುದು ಅಭಿಮಾನಿಗಳ ನಂಬಿಕೆ.

ಈ ನಂಬಿಕೆ ಕೇಳದೆ ಬಿಟ್ಟ ಪ್ರಶ್ನೆ ಮತದಾನದ್ದು. ಆ ನಗರದಲ್ಲಿ ಯಾರಿಗೂ ಸ್ವಂತ ಭೂಮಿ ಇರತಕ್ಕದ್ದಲ್ಲ, ಎಲ್ಲರೂ ಬಾಡಿಗೆದಾರರು ಎಂಬುದು ಯೋಜನೆಯ ತಿರುಳು. 1967ರಲ್ಲಿ ಫ್ಲಾರಿಡ ರಾಜ್ಯ ರಚಿಸಿಕೊಟ್ಟ ರೀಡಿ ಕ್ರೀಕ್ ಅಭಿವೃದ್ಧಿ ವಲಯದಲ್ಲಿ ಅಧಿಕಾರವು ಭೂಮಾಲೀಕರ ಮತಕ್ಕೆ, ಅಂದರೆ ವಸ್ತುತಃ ಸಂಸ್ಥೆಗೆ, ಸೇರಿತ್ತು. ಜನ ನೆಲೆಸಿದ್ದರೆ ಇಂದಲ್ಲ ನಾಳೆ ಹಕ್ಕು ಕೇಳುತ್ತಿದ್ದರು. ಮುಂದೆ 1990ರ ದಶಕದಲ್ಲಿ ಸೆಲೆಬ್ರೇಷನ್ ಎಂಬ ನಿಜವಾದ ಊರನ್ನು ಕಟ್ಟಿದಾಗ ಸಂಸ್ಥೆ ಆ ಭೂಮಿಯನ್ನು ಮೊದಲು ಈ ವಲಯದಿಂದ ಹೊರಗಿಟ್ಟಿತು. ನಿವಾಸಿಗಳ ಮತ ಪಾರ್ಕಿನ ಆಡಳಿತವನ್ನು ಮುಟ್ಟದಂತಾಯಿತು. ಆದ್ದರಿಂದ ವಾಲ್ಟ್ ಡಿಸ್ನಿ ಬದುಕಿದ್ದರೂ ನಗರದ ಕನಸು ಮತ್ತು ಒಡೆತನದ ಆಸೆ ಒಂದನ್ನೊಂದು ತಿನ್ನುತ್ತಿದ್ದವು ಎಂದೇ ನನ್ನ ಗ್ರಹಿಕೆ. 2023ರಲ್ಲಿ ಫ್ಲಾರಿಡ ಸರ್ಕಾರ ರಾಜಕೀಯ ಜಗಳದ ನಡುವೆ ಈ ವಲಯದ ಹೆಸರನ್ನೂ ಆಡಳಿತ ಮಂಡಲಿಯನ್ನೂ ಬದಲಾಯಿಸಿದಾಗ, 1967ರ ಶಾಸನವೇ ನಿಜವಾದ ಬಾಗಿಲಾಗಿತ್ತೆಂಬುದು ಎಲ್ಲರಿಗೂ ಕಾಣಿಸಿತು.

ಹೀಗೆಂದು ವ್ಯಕ್ತಿಯ ಸಾವು ಎಂದಿಗೂ ಕವಲಾಗದು ಎನ್ನುವುದು ಅತಿರೇಕವಾದೀತು. ಜಿಮ್ ಹೆನ್ಸನ್ ತನ್ನ ಸಂಸ್ಥೆಯನ್ನು ಡಿಸ್ನಿಗೆ ಮಾರುವ ಮಾತುಕತೆಯಲ್ಲಿದ್ದಾಗಲೇ 1990ರ ಮೇ 16ರಂದು ತೀರಿಕೊಂಡನು. ಮಾತುಕತೆ ಮುರಿಯಿತು, ಮಪೆಟ್‌ಗಳು ಡಿಸ್ನಿಗೆ ಸೇರಿದ್ದು 2004ರಲ್ಲಿ. ಸಹಿ ಬೀಳದ ಪತ್ರದ ಮುಂದೆ ಒಂದು ಜೀವ ಹೋದರೆ ಆ ಸಾವು ಖಂಡಿತವಾಗಿ ಕವಲು. 1994ರ ಏಪ್ರಿಲಿನಲ್ಲಿ ಹೆಲಿಕಾಪ್ಟರ್ ಅಪಘಾತದಲ್ಲಿ ಮಡಿದ ಫ್ರಾಂಕ್ ವೆಲ್ಸ್‌ನ ವಿಷಯವೂ ಹಾಗೆಯೇ. ಅವನ ಸ್ಥಾನ ತೆರವಾಗದಿದ್ದರೆ ಜೆಫ್ರಿ ಕ್ಯಾಟ್ಜನ್‌ಬರ್ಗ್ ಅದೇ ವರ್ಷ ಹೊರಗೆ ಬಂದು ಡ್ರೀಮ್‌ವರ್ಕ್ಸ್ ಸ್ಥಾಪಕರಲ್ಲಿ ಒಬ್ಬನಾಗುವ ಸಂಭವ ಕಡಿಮೆಯಿತ್ತು.

6

ಕಟ್ಟದೆ ಉಳಿದ ಪಾರ್ಕುಗಳು ಈ ಅಧ್ಯಯನಕ್ಕೆ ಕಟ್ಟಿದವುಗಳಿಗಿಂತ ಹೆಚ್ಚು ಒದಗಿಬರುತ್ತವೆ. ಕ್ಯಾಲಿಫೋರ್ನಿಯದ ಸಿಯೆರ್ರಾ ಪರ್ವತಗಳ ಮಿನರಲ್ ಕಿಂಗ್ ಕಣಿವೆಯಲ್ಲಿ ಹಿಮಕ್ರೀಡೆಯ ವಿಹಾರಧಾಮ ಕಟ್ಟಲು ಅರಣ್ಯ ಇಲಾಖೆ 1965ರಲ್ಲಿ ಡಿಸ್ನಿ ಸಂಸ್ಥೆಯ ಪ್ರಸ್ತಾಪವನ್ನು ಆರಿಸಿತು. ಸಿಯೆರ್ರಾ ಕ್ಲಬ್ ಮೊಕದ್ದಮೆ ಹೂಡಿತು. 1972ರಲ್ಲಿ ಸರ್ವೋಚ್ಚ ನ್ಯಾಯಾಲಯ, ಕ್ಲಬ್ಬಿಗೆ ತನ್ನದೇ ನಷ್ಟವನ್ನು ತೋರಿಸಲು ಆಗಿಲ್ಲವಾದ್ದರಿಂದ ದಾವೆ ಹೂಡುವ ಹಕ್ಕಿಲ್ಲವೆಂದು ತೀರ್ಪಿತ್ತಿತು. ಕ್ಲಬ್ಬು ಸೋತಿತು. ಆದರೆ ಭಿನ್ನಮತ ಬರೆದ ನ್ಯಾಯಮೂರ್ತಿ ವಿಲಿಯಂ ಡಗ್ಲಸ್, ಕಣಿವೆ, ನದಿ, ಮರಗಳೇ ವಾದಿಗಳಾಗಿ ನ್ಯಾಯಾಲಯದಲ್ಲಿ ನಿಲ್ಲುವಂತಾಗಬೇಕೆಂದು ವಾದಿಸಿದನು. ಮೊಕದ್ದಮೆ ಬೇರೆ ರೂಪದಲ್ಲಿ ಮುಂದುವರಿದು, ಪರಿಸರ ಪರಿಶೀಲನೆಯಲ್ಲಿ ವರ್ಷಗಳು ಉರುಳಿ, 1978ರಲ್ಲಿ ಕಣಿವೆ ಸಿಕೋಯ ರಾಷ್ಟ್ರೀಯ ಉದ್ಯಾನಕ್ಕೆ ಸೇರಿತು. ಪರಿಸರದ ಕಾನೂನನ್ನು ಓದುವವರೆಲ್ಲ ಇಂದಿಗೂ ಎದುರುಗೊಳ್ಳುವ ಆ ಭಿನ್ನಮತ ಹುಟ್ಟಲು ಕಟ್ಟದೆ ಉಳಿದ ಒಂದು ಮನರಂಜನಾ ತಾಣ ಬೇಕಾಯಿತು. ವಿಹಾರಧಾಮ ತಕರಾರಿಲ್ಲದೆ ಎದ್ದಿದ್ದರೆ ಆ ಮಾತು ಬೇರೆ ಯಾವ ಕಣಿವೆಗಾಗಿ, ಯಾವಾಗ ಹುಟ್ಟುತ್ತಿತ್ತೆಂದು ಹೇಳಲಾಗದು.

ವರ್ಜೀನಿಯದ ಹೇಮಾರ್ಕೆಟ್ ಬಳಿಯ 'ಡಿಸ್ನೀಸ್ ಅಮೆರಿಕ' ಯೋಜನೆಯಲ್ಲಿ ಪಣಕ್ಕೆ ಬಿದ್ದದ್ದು ಚರಿತ್ರೆಯೇ. 1993ರ ನವೆಂಬರಿನಲ್ಲಿ ಪ್ರಕಟವಾದ ಈ ಯೋಜನೆಯ ವಸ್ತು ಅಮೆರಿಕದ ಚರಿತ್ರೆ: ಅಂತರ್ಯುದ್ಧ, ವಲಸಿಗರ ಆಗಮನ, ಕಾರ್ಖಾನೆಗಳ ಊರು. ನಿವೇಶನದಿಂದ ಕೆಲವೇ ಮೈಲಿ ದೂರದಲ್ಲಿ ಮನಾಸಸ್ ರಣಭೂಮಿ. ರಾಜ್ಯದ ಶಾಸನಸಭೆ ಸುಮಾರು 16 ಕೋಟಿ 30 ಲಕ್ಷ ಡಾಲರುಗಳ ನೆರವಿಗೆ ಒಪ್ಪಿಗೆ ಕೊಟ್ಟಿತು. ಡೇವಿಡ್ ಮೆಕಲೊ, ಜೇಮ್ಸ್ ಮೆಕ್‌ಫರ್ಸನ್, ಸಿ. ವಾನ್ ವುಡ್‌ವರ್ಡ್ ಮೊದಲಾದ ಚರಿತ್ರಕಾರರು ವಿರೋಧಕ್ಕೆ ನಿಂತರು. ಗುಲಾಮಗಿರಿಯ ಅನುಭವವನ್ನೂ ಪಾರ್ಕಿನಲ್ಲಿ ಮುಟ್ಟಿಸುತ್ತೇವೆಂದು ಸಂಸ್ಥೆಯ ಅಧಿಕಾರಿಯೊಬ್ಬ ಆಡಿದ ಮಾತು ಬೆಂಕಿಗೆ ತುಪ್ಪ ಸುರಿಯಿತು. ಕಾದಂಬರಿಕಾರ ವಿಲಿಯಂ ಸ್ಟೈರನ್ ಪತ್ರಿಕೆಯಲ್ಲಿ ಇದನ್ನು ಖಂಡಿಸಿದನು. 1994ರ ಸೆಪ್ಟೆಂಬರಿನಲ್ಲಿ ಸಂಸ್ಥೆ ಹಿಂದೆ ಸರಿಯಿತು.

ಚರಿತ್ರಕಾರರ ಈ ಗೆಲುವನ್ನು ಸಂಭ್ರಮಿಸುವ ಮೊದಲು ಎರಡು ಸಂಗತಿಗಳನ್ನು ಗಮನಿಸಬೇಕು. ಚರಿತ್ರೆಯನ್ನು ಪಾರ್ಕಾಗಿಸುವ ಪ್ರಯತ್ನ ಅದೇ ಮೊದಲಲ್ಲ. 1960ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಅಮೆರಿಕದ ನಕ್ಷೆಯ ಆಕಾರದಲ್ಲಿಯೇ ಫ್ರೀಡಮ್‌ಲ್ಯಾಂಡ್ ಎಂಬ ಪಾರ್ಕು ತೆರೆದಿತ್ತು. ಡಿಸ್ನಿಲ್ಯಾಂಡಿನಲ್ಲಿ ಕೆಲಸ ಮಾಡಿದ್ದ ಸಿ. ವಿ. ವುಡ್ ಅದರ ರೂವಾರಿ. ಚರಿತ್ರೆಯನ್ನು ವಿಕಾರಗೊಳಿಸಿತೆಂದಲ್ಲ, ಸಾಲದ ಹೊರೆಯಿಂದಾಗಿ ಅದು 1964ರಲ್ಲಿ ಮುಚ್ಚಿತು. ಆ ನೆಲದಲ್ಲಿ ಕೋ-ಆಪ್ ಸಿಟಿ ಎಂಬ ವಿಶಾಲ ವಸತಿ ಸಮುಚ್ಚಯ ಎದ್ದಿತು. ಎರಡನೆಯದು, ಹೇಮಾರ್ಕೆಟ್ ಬಳಿಯ ಭೂಮಿ ಹೊಲಗದ್ದೆಯಾಗಿಯೇ ಉಳಿಯಲಿಲ್ಲ. ಪಾರ್ಕು ಬರಲಿದ್ದ ಆ ಪ್ರದೇಶಕ್ಕೂ ಅದರ ಆಸುಪಾಸಿಗೂ ಮುಂದಿನ ದಶಕಗಳಲ್ಲಿ ಬಡಾವಣೆಗಳು ಬಂದವು. ಪಾರ್ಕು ಬರದಿದ್ದರೆ ಆ ನೆಲ ಹಾಗೆಯೇ ಉಳಿಯುತ್ತದೆ ಎಂಬುದು 1994ರಲ್ಲಿ ವಿರೋಧಿಗಳು ಬರೆಯದೆಯೇ ಬರೆದ ಪರ್ಯಾಯ ಚರಿತ್ರೆ. ಅವರ ಗಮನ ಸಂಸ್ಥೆಯ ಮೇಲಿತ್ತು. ವಾಷಿಂಗ್ಟನ್ನಿನಿಂದ ಪಶ್ಚಿಮಕ್ಕೆ ಹರಿಯುತ್ತಿದ್ದ ಹೆದ್ದಾರಿಯ ಮೇಲೂ ಭೂಮಿಯ ಬೆಲೆಯ ಮೇಲೂ ಇರಲಿಲ್ಲ. ಗುಲಾಮಗಿರಿಯನ್ನು ಆ ಪಾರ್ಕು ಹೇಗೆ ತೋರಿಸುತ್ತಿತ್ತೆಂಬುದು ಪರೀಕ್ಷೆಗೆ ಒಳಗಾಗದೆ ಉಳಿಯಿತು. ಮನಾಸಸ್ ರಣಭೂಮಿಯ ಅಕ್ಕಪಕ್ಕದ ನೆಲವನ್ನು ಕುರಿತ ತಕರಾರುಗಳು ಮಾತ್ರ ನಿಂತಿಲ್ಲ. ಈಚಿನ ವರ್ಷಗಳಲ್ಲಿ ಅಲ್ಲಿ ನಡೆದ ವಿವಾದ ಪಾರ್ಕಿನದಲ್ಲ, ದತ್ತಾಂಶ ಕೇಂದ್ರಗಳದು.